ತರಗತಿಯಲ್ಲಿ ಕಲಿತದ್ದು, ತೋಟದಲ್ಲಿ ಕಲಿತದ್ದು: ಎರಡನ್ನೂ ಸೇರಿಸುವುದು ಹೇಗೆ?

ಹೂಮಳೆ (ನಾಪೋಕ್ಲು ಕಡೆ)

ಎಲ್ಲರಿಗೂ ನಮಸ್ಕಾರ. ನಾನು ದ್ವಿತೀಯ ಪಿಯುಸಿ, ವಿಜ್ಞಾನ. ಹತ್ತನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದೆ. ಈ ಬಳಗದಲ್ಲಿ ಮೇಷ್ಟ್ರುಗಳು, ಬೆಳೆಗಾರರು, ಕೆಲಸಕ್ಕೆ ಅಂತ ಊರು ಬಿಟ್ಟು ಹೋದವರು ಎಲ್ಲ ಇದ್ದೀರಿ. ಅದಕ್ಕೇ ಇಲ್ಲಿ ಕೇಳಬೇಕು ಅನ್ನಿಸಿತು. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಕಡೆ ಮದುವೆ ಮನೆಯಲ್ಲಿ, ಸಂತೆಯಲ್ಲಿ ದೊಡ್ಡವರು ಒಂದು ಮಾತು ಹೇಳುತ್ತಾರೆ: "ಶಾಲೆಯಲ್ಲಿ ಏನು ಕಲೀತೀರಿ, ಬದುಕೇ ಎಲ್ಲ ಕಲಿಸುತ್ತೆ." ಕಾಲೇಜಿಗೆ ಹೋದರೆ ಇದರ ಉಲ್ಟಾ: "ತೋಟ ಗದ್ದೆ ಎಲ್ಲ ಆಮೇಲೆ, ಮೊದಲು ಸಿಇಟಿ, ನೀಟ್." ನನಗೆ ಎರಡೂ ಒಪ್ಪಿಗೆ ಆಗುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಅಜ್ಜ ಮಳೆ ಲೆಕ್ಕ ಬರೆದಿಡುತ್ತಾರೆ. ಕೊಡಗಿನಲ್ಲಿ ಎಷ್ಟೋ ಕಾಫಿ ಬೆಳೆಗಾರರ ಮನೆಯಲ್ಲಿ ಈ ಅಭ್ಯಾಸ ಇದೆ, ನಿಮಗೂ ಗೊತ್ತಿರುತ್ತದೆ. ಬೆಳಗ್ಗೆ ಎದ್ದು ಅಂಗಳದ ಮಳೆಮಾಪಕದ ನೀರನ್ನು ಗಾಜಿನ ಅಳತೆ ಕೊಳವೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಡೈರಿಯಲ್ಲಿ ಇಂಚು, ಸೆಂಟ್ ಲೆಕ್ಕದಲ್ಲಿ ಬರೆಯುತ್ತಾರೆ. ಒಂದು ಇಂಚಿಗೆ ನೂರು ಸೆಂಟ್. ಪಕ್ಕದಲ್ಲಿ ಸಣ್ಣದಾಗಿ "ಹೂ ಬಿಟ್ಟಿತು", "ಬ್ಯಾಕಿಂಗ್ ಮಳೆ ಬಂತು", "ಗಾಳಿ ಜಾಸ್ತಿ, ಸಿಲ್ವರ್ ಮರ ಬಿತ್ತು" ಅಂತೆಲ್ಲ ಇರುತ್ತದೆ. (ಬ್ಯಾಕಿಂಗ್ ಮಳೆ ಅಂದರೆ ಹೂ ಬಿಟ್ಟ ಮೇಲೆ ಕಾಯಿ ನಿಲ್ಲಲು ಬೇಕಾದ ಮಳೆ.) ಚಿಕ್ಕವಳಿದ್ದಾಗಿನಿಂದ ಆ ಡೈರಿ ನೋಡಿದ್ದೇನೆ. ಆದರೆ ಅದರಲ್ಲಿ ಓದುವಂಥದ್ದು ಏನಿದೆ ಅಂತ ಯೋಚಿಸಿರಲಿಲ್ಲ.

ಪಿಯುಸಿಗೆ ಬಂದ ಮೇಲೆ ಪ್ರಾಕ್ಟಿಕಲ್ ರೆಕಾರ್ಡಿಗೆ ಗ್ರಾಫ್ ಹಾಕಿ ಹಾಕಿ ಕೈಗೆ ಅಭ್ಯಾಸ ಆಯಿತು. ಮಳೆಗೆ ಶಾಲೆ ಕಾಲೇಜಿಗೆಲ್ಲ ರಜೆ ಕೊಟ್ಟಿದ್ದಾಗ ಮನೆಯಲ್ಲಿ ಸುಮ್ನೆ ಕೂತು, ಅಜ್ಜನ ಹಳೇ ಡೈರಿಗಳಿಂದ ಫೆಬ್ರವರಿ, ಮಾರ್ಚ್, ಏಪ್ರಿಲ್‌ನ ಅಂಕಿಗಳನ್ನು ಮಿಲಿಮೀಟರಿಗೆ ಬದಲಾಯಿಸಿ ಗ್ರಾಫ್ ಹಾಳೆಗೆ ಇಳಿಸಿದೆ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ಬಿದ್ದ ದಿನಕ್ಕೂ ಅಜ್ಜ "ಹೂ ಬಿಟ್ಟಿತು" ಅಂತ ಬರೆದ ದಿನಕ್ಕೂ ನಡುವೆ ಹೆಚ್ಚು ಕಡಿಮೆ ಪ್ರತಿ ವರ್ಷ ಒಂದೇ ಅಂತರ: ಎಂಟರಿಂದ ಹತ್ತು ದಿನ. ಒಂದು ಇಂಚೋ ಅದಕ್ಕಿಂತ ಜಾಸ್ತಿಯೋ ಮಳೆ ಒಂದೇ ಸಲ ಬಿದ್ದ ವರ್ಷ ರೊಬಸ್ಟಾ ಕಾಫಿ ತೋಟ ಪೂರ್ತಿ ಒಟ್ಟಿಗೆ ಅರಳಿದೆ. ಹತ್ತಿಪ್ಪತ್ತು ಸೆಂಟ್ ಬಂದು ನಿಂತ ವರ್ಷ "ಮೊಗ್ಗು ಸರಿಯಾಗಿ ಬಿಡಲಿಲ್ಲ, ಸ್ಪ್ರಿಂಕ್ಲರ್ ಹಾಕಿಸಿದೆ" ಅಂತ ಬರೆದಿದ್ದಾರೆ.

ಗ್ರಾಫನ್ನು ಅಜ್ಜನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ ಒಂದು ಚುಕ್ಕೆಯ ಮೇಲೆ ಬೆರಳಿಟ್ಟು, "ಇದನ್ನು ನಂಬಬೇಡ. ಆ ವರ್ಷ ಮನೆ ಹತ್ತಿರ ಮಳೆ ಬಂತು, ಹೊಳೆ ಕಡೆಯ ತೋಟಕ್ಕೆ ಬರಲೇ ಇಲ್ಲ" ಎಂದರು. ಉಳಿದ ಚುಕ್ಕೆಗಳಿಂದ ಬೇರೆಯಾಗಿ ನಿಂತಿದ್ದು ಅದೊಂದೇ! ಅದು ಯಾಕೆ ಹಾಗಿದೆ ಅಂತ ನಾನು ತಲೆ ಕೆಡಿಸಿಕೊಂಡಿದ್ದೆ. ಡೈರಿಯಲ್ಲಿ ಬರೆಯದ ಸಂಗತಿ ಅವರ ನೆನಪಿನಲ್ಲಿತ್ತು. ನಾನು ಗ್ರಾಫ್ ಹಾಕದೇ ಇದ್ದಿದ್ದರೆ ಆ ಮಾತು ಅವರ ಬಾಯಿಂದ ಬರುತ್ತಲೇ ಇರಲಿಲ್ಲ.

ಇನ್ನೊಂದು. "ಹೂ ಅರಳಿದ ದಿನ ಮಳೆ ಬರಬಾರದು, ಜೇನು ಹಾರಾಡಬೇಕು" ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಈ ವರ್ಷ ಜೀವಶಾಸ್ತ್ರದಲ್ಲಿ ಹೂವಿನ ಸಂತಾನೋತ್ಪತ್ತಿ ಪಾಠ ಬಂತು. ಕೆಲವು ಗಿಡಗಳಲ್ಲಿ ತನ್ನದೇ ಪರಾಗ ಬಿದ್ದರೆ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗವೇ ಬೇಕು ಅಂತ ಓದಿದೆ. ರೊಬಸ್ಟಾ ಅಂಥದ್ದೇ ಗಿಡ. ಅರೇಬಿಕಾ ಹಾಗಲ್ಲ, ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಅಂದರೆ ರೊಬಸ್ಟಾಗೆ ಗಾಳಿಯೋ ಜೇನೋ ಬೇಕೇ ಬೇಕು. ಅರಳಿದ ದಿನವೇ ಮಳೆ ಬಿದ್ದರೆ ಪರಾಗ ತೊಳೆದು ಹೋಗುತ್ತದೆ, ಜೇನೂ ಗೂಡು ಬಿಟ್ಟು ಬರುವುದಿಲ್ಲ. ಪುಸ್ತಕದಲ್ಲಿ ಕಾಫಿಯ ಹೆಸರು ಇರಲಿಲ್ಲ. ತರಗತಿಯಲ್ಲಿ ಕೂತಿದ್ದ ಅರ್ಧಕ್ಕಿಂತ ಹೆಚ್ಚು ಜನ ಕಾಫಿ ತೋಟದಿಂದ ಬಂದವರು. ಯಾರೂ ಅದನ್ನು ಎತ್ತಲಿಲ್ಲ, ನಾನೂ ಸೇರಿ. ಪಾಠ ಮುಗಿಯಿತು, ಪ್ರಶ್ನೆ ಉತ್ತರ ಬರೆದುಕೊಂಡೆವು.

ಭೌತಶಾಸ್ತ್ರದಲ್ಲಿ ಇಳಿಜಾರಿನ ಮೇಲಿನ ಬ್ಲಾಕ್ ಯಾವಾಗ ಜಾರುತ್ತದೆ ಅನ್ನುವ ಲೆಕ್ಕ ಇದೆಯಲ್ವಾ? 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ಮರುವರ್ಷ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ. ಆಗೆಲ್ಲ ಭಯ ಮಾತ್ರ ಗೊತ್ತಿತ್ತು. ಈಗ ಆ ಲೆಕ್ಕ ಮಾಡುವಾಗ ಒಂದು ವಿಷಯ ಹೊಳೆಯಿತು. ಮಣ್ಣಿನ ಕಣಗಳ ಸಂದಿಯಲ್ಲಿ ನೀರು ತುಂಬಿದರೆ, ಕಣಗಳು ಒಂದಕ್ಕೊಂದು ಒತ್ತಿಕೊಂಡಿರುವ ಬಲವನ್ನು ಆ ನೀರಿನ ಒತ್ತಡ ಕಡಿಮೆ ಮಾಡುತ್ತದೆ. ಬಲ ಕಡಿಮೆಯಾದರೆ ಘರ್ಷಣೆಯೂ ಕಡಿಮೆ. ಮೇಲಿಂದ ನೀರಿನ ತೂಕ ಬೇರೆ. ಬುಡದಲ್ಲಿ ರಸ್ತೆಗೋ ಮನೆಗೋ ಗುಡ್ಡ ಕಡಿದಿದ್ದರೆ ಆಸರೆಯೂ ಇಲ್ಲ. ಈಗ ಮಳೆಗಾಲದಲ್ಲಿ ಮನೆ ಹಿಂದಿನ ಬರೆಯಲ್ಲಿ (ಕಡಿದಾದ ಮಣ್ಣಿನ ದಿಣ್ಣೆಯಲ್ಲಿ) ಹೊಸದಾಗಿ ನೀರು ಒಸರುತ್ತಿದೆಯಾ, ಮೇಲೆ ನೆಲ ಬಿರುಕು ಬಿಟ್ಟಿದೆಯಾ ಅಂತ ನೋಡುತ್ತೇನೆ.

ನನಗೆ ಅನ್ನಿಸುವುದು ಇಷ್ಟು. ಹೊರಗೆ ನೋಡಿದ್ದು ತಾನಾಗಿ ಪಾಠ ಆಗುವುದಿಲ್ಲ. ಅದನ್ನು ಅಳೆಯುವುದು, ಬರೆದಿಡುವುದು, ಯಾಕೆ ಅಂತ ಕೇಳುವುದು ನನಗೆ ತರಗತಿಯಲ್ಲೇ ಸಿಕ್ಕಿತು. ಆದರೆ ನಾವು ಮನೆಯಿಂದ ಏನು ತಿಳಿದುಕೊಂಡು ಬಂದಿದ್ದೇವೆ ಅಂತ ತರಗತಿಯಲ್ಲಿ ಯಾರೂ ಕೇಳುವುದಿಲ್ಲ. ಅಜ್ಜನ ಹತ್ತಿರ ನಾನು ಎಷ್ಟು ಪ್ರಶ್ನೆ ಬೇಕಾದರೂ ಕೇಳುತ್ತೇನೆ. ತರಗತಿಯಲ್ಲಿ ಕೈ ಎತ್ತಲು ಇನ್ನೂ ಎದೆ ಡವಡವ ಅನ್ನುತ್ತದೆ. ಮೊದಲ ವರ್ಷ ಇಂಗ್ಲಿಷಿನಲ್ಲಿ ಕೇಳಬೇಕಲ್ಲ ಅಂತಲೇ ಎಷ್ಟೋ ಪ್ರಶ್ನೆ ನುಂಗಿಕೊಂಡೆ.

ನಿಮ್ಮಲ್ಲಿ ಯಾರಿಗಾದರೂ ಈ ಎರಡೂ ಒಂದಾಗಿದ್ದು ಉಂಟಾ? ಹೇಗೆ? ಮೇಷ್ಟ್ರುಗಳು ಇದ್ದರೆ, ನಿಮ್ಮ ಕಡೆಯಿಂದ ಏನು ಕಷ್ಟ ಅಂತಲೂ ಹೇಳಿ.

---

ಹಳೇ ಮೇಷ್ಟ್ರು (ಮೂರ್ನಾಡು)

ಮಗಳೇ, ತುಂಬಾ ಸಂತೋಷ ಆಯಿತು. ನಾನು ಗಣಿತ ಕಲಿಸುತ್ತಿದ್ದೆ, ಈಗ ನಿವೃತ್ತಿ. ಅಜ್ಜನ ಡೈರಿಗಳನ್ನು ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೋ. ನಮ್ಮ ಹವೆಗೆ ಕಾಗದ ಬೂಷ್ಟು ಹಿಡಿಯುತ್ತದೆ, ಗೆದ್ದಲು ಬೇರೆ.

ಆ ಒಂದು ಚುಕ್ಕೆಯನ್ನು ಅಳಿಸಬೇಡ. ಅಲ್ಲೇ ಬಿಟ್ಟು, ಪಕ್ಕದಲ್ಲಿ ಅಜ್ಜ ಹೇಳಿದ ಕಾರಣ ಬರೆ.

---

ಕಾಳುಮೆಣಸು (ಸಿದ್ದಾಪುರ)

ತಂಗಿ, ನನ್ನ ಅನುಭವ ಹೇಳುತ್ತೇನೆ. ನಾನು ಓದಿನಲ್ಲಿ ಅಷ್ಟಕ್ಕಷ್ಟೆ, ಶೇಕಡಾ ಲೆಕ್ಕ ಅಂದರೆ ಮೈಲಿ ದೂರ ಇದ್ದೆ. ಅಪ್ಪನ ಜೊತೆ ಕಾಫಿ ಮಾರಲು ಹೋದ ಮೇಲೆ ಅದು ಅರ್ಥ ಆಗಿದ್ದು.

ಗೊತ್ತಿಲ್ಲದವರಿಗೆ: ಒಣಗಿದ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮಾರುವಾಗ ಬೆಲೆ ನಿಂತಿರುವುದು ಔಟ್‌ಟರ್ನ್ ಮೇಲೆ. ನಾವು ಒಟಿ ಅನ್ನುತ್ತೇವೆ. 50 ಕೆ.ಜಿ.ಯ ಒಂದು ಮೂಟೆ ಚೆರಿಯಲ್ಲಿ ಸಿಪ್ಪೆ ಹೋಗಿ ಎಷ್ಟು ಕೆ.ಜಿ. ಬೇಳೆ ಸಿಗುತ್ತದೆ ಅನ್ನುವುದೇ ಒಟಿ. ವ್ಯಾಪಾರಿ ಮೂಟೆಯಿಂದ ಸ್ವಲ್ಪ ಚೆರಿ ತೆಗೆದು ತೂಗಿ, ಸಿಪ್ಪೆ ಬಿಡಿಸಿ, ಬೇಳೆಯನ್ನು ಮತ್ತೆ ತೂಗಿ ಲೆಕ್ಕ ಹಾಕುತ್ತಾನೆ. ಒಂದು ಒಟಿಗೆ 300 ರೂಪಾಯಿ ಅಂತ ಇಟ್ಟುಕೊಳ್ಳಿ. 27 ಒಟಿ ಬಂದರೆ ಮೂಟೆಗೆ 8,100. 28 ಬಂದರೆ 8,400. ನೂರು ಮೂಟೆ ಇದ್ದರೆ ಆ ಒಂದು ಒಟಿಗೆ 30,000 ರೂಪಾಯಿ ವ್ಯತ್ಯಾಸ!

ಇದು ಗೊತ್ತಾದ ಮೇಲೆ ಸ್ಯಾಂಪಲ್ ಎಲ್ಲಿಂದ ತೆಗೆಯುತ್ತಾರೆ ಅಂತ ನೋಡಲು ಶುರು ಮಾಡಿದೆ. ಒಂದೇ ಮೂಟೆಯ ಬಾಯಿಂದ ತೆಗೆದರೆ ಒಂದು ಲೆಕ್ಕ, ನಾಲ್ಕೈದು ಮೂಟೆಯ ಒಳಗಿಂದ ತೆಗೆದು ಬೆರೆಸಿದರೆ ಬೇರೆಯೇ ಲೆಕ್ಕ. ಈಗ ನಾವೇ ಮನೆಯಲ್ಲಿ ಮೊದಲು ಒಟಿ ನೋಡಿಕೊಂಡು ಹೋಗುತ್ತೇವೆ. ನನಗೆ ಎಂಟನೇ ತರಗತಿಯಲ್ಲಿ ಯಾರಾದರೂ ಒಂದು ಹಿಡಿ ಚೆರಿ, ಒಂದು ತಕ್ಕಡಿ ಕೊಟ್ಟು ಶೇಕಡಾ ಕಲಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

---

ಕುಶಾಲನಗರ ಬಸ್

ನಮಗೆ ತೋಟ ಇಲ್ಲ, ಡೈರಿಯೂ ಇಲ್ಲ. ದಿನಾ ಕುಶಾಲನಗರದಿಂದ ಮಡಿಕೇರಿಗೆ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತೇನೆ. ಜುಲೈಯಲ್ಲಿ ಮನೆ ಬಿಡುವಾಗ ಬಿಸಿಲು ಇರುತ್ತದೆ. ಸುಂಟಿಕೊಪ್ಪದಲ್ಲಿ ಮೋಡ, ಬೋಯಿಕೇರಿ ದಾಟಿದರೆ ಮಂಜು, ಮಡಿಕೇರಿಯಲ್ಲಿ ಕೊಡೆ ಉಲ್ಟಾ ಆಗುವ ಗಾಳಿ ಮಳೆ. ಇರುವುದು ಮೂವತ್ತು ಕಿಲೋಮೀಟರ್ ಅಷ್ಟೇ. ಮಳೆ ನೆರಳಿನ ಪ್ರದೇಶ ಅಂತ ಭೂಗೋಳದಲ್ಲಿ ಓದಿದ್ದು ನನಗೆ ಬಸ್ಸಿನ ಕಿಟಕಿಯಲ್ಲಿ ಕಾಣುತ್ತದೆ. ಪಶ್ಚಿಮದಿಂದ ಬರುವ ಮೋಡ ಘಟ್ಟ ಹತ್ತುವಾಗ ತಣ್ಣಗಾಗಿ ಅಲ್ಲೇ ಸುರಿದು ಬಿಡುತ್ತದೆ, ನಮ್ಮ ಕಡೆಗೆ ಉಳಿದಿದ್ದು ಮಾತ್ರ. ಅದಕ್ಕೇ ನಮ್ಮಲ್ಲಿ ಜೋಳ, ಶುಂಠಿ ಬೆಳೆಯುತ್ತಾರೆ, ಭಾಗಮಂಡಲದ ಕಡೆ ಏಲಕ್ಕಿ.

ನಿಮ್ಮ ಅಜ್ಜನ ಥರ ನಾನು ಅಳೆದಿಲ್ಲ. ಆದರೆ ಅಳೆಯಬೇಕು ಅನ್ನಿಸಿದೆ ಈಗ.

---

ಲೈನ್‌ಮನೆಯವಳು (ಈಗ ಮೈಸೂರು)

ಎಲ್ಲರದ್ದೂ ಓದಿದೆ. ಹೂಮಳೆ, ನೀನು ಚೆನ್ನಾಗಿ ಬರೆದಿದ್ದೀಯ. ಆದರೆ ನನ್ನ ಮಾತು ಸ್ವಲ್ಪ ಬೇರೆ ಇದೆ, ಬೇಜಾರು ಮಾಡಿಕೊಳ್ಳಬೇಡ.

ನಾನು ಹುಟ್ಟಿ ಬೆಳೆದದ್ದು ಪೊನ್ನಂಪೇಟೆ ಕಡೆಯ ಒಂದು ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರಿಗೆ ಸಾಲಾಗಿ ಕಟ್ಟಿದ ಮನೆಯಲ್ಲಿ. ಅಪ್ಪ ಅಮ್ಮ ಇಬ್ಬರೂ ಕೂಲಿ. ನಿನಗೆ ತೋಟ ಅಂದರೆ ನೋಡಿ ಕಲಿಯುವ ಜಾಗ. ನನಗೆ ತೋಟ ಅಂದರೆ ಕೆಲಸ. ಡಿಸೆಂಬರಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಆಗ ನಮ್ಮ ಲೈನಿನ ಮಕ್ಕಳು ಎಷ್ಟೋ ಜನ ಶಾಲೆಗೆ ಚಕ್ಕರ್. ದೊಡ್ಡವರು ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕು, ಇಲ್ಲವೇ ಅಮ್ಮನ ಚೀಲಕ್ಕೆ ನೆಲದ ಹಣ್ಣು ಹೆಕ್ಕಿ ಹಾಕಬೇಕು. ಜೇನು ಯಾಕೆ ಬರುತ್ತದೆ ಅಂತ ಯೋಚಿಸಲು ಬಿಡುವೂ ಇರಲಿಲ್ಲ, ಕೇಳಿದರೆ ಹೇಳುವವರೂ ಇರಲಿಲ್ಲ. ನನಗೆ ಒಂದು ಕಡೆ ನೆಮ್ಮದಿಯಾಗಿ ಕೂತು ಯೋಚಿಸಲು ಸಿಕ್ಕಿದ್ದು ತರಗತಿಯಲ್ಲಿ ಮಾತ್ರ. ಮಧ್ಯಾಹ್ನ ಬಿಸಿಯೂಟ, ಮಳೆ ಸೋರದ ಚಾವಣಿ, ಹೆಸರು ಹಿಡಿದು ಕರೆಯುವ ಟೀಚರ್. ಹಾಗಾಗಿ "ನಾಲ್ಕು ಗೋಡೆಯ ಹೊರಗೆ ಕಲಿಯಿರಿ" ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಆ ನಾಲ್ಕು ಗೋಡೆ ಇಲ್ಲದಿದ್ದರೆ ನಾನು ಇವತ್ತು ನರ್ಸ್ ಆಗುತ್ತಿರಲಿಲ್ಲ.

ಆದರೂ ನೀನು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಒಂದು ಉತ್ತರ ಇದೆ. ಕೊಯ್ಲಿಗೆ ಕೂಲಿ ಕೆ.ಜಿ. ಲೆಕ್ಕ. ಸಂಜೆ ಎಲ್ಲರೂ ಚೀಲ ಹೊತ್ತು ತಂದು ಸಾಲಾಗಿ ನಿಲ್ಲುತ್ತಿದ್ದರು. ಚೀಲವನ್ನು ತಕ್ಕಡಿಗೆ ನೇತು ಹಾಕುವುದು, ಮುಳ್ಳು ಅಲ್ಲಾಡಿ ನಿಲ್ಲುವುದು, ರೈಟರ್ (ತೋಟದ ಗುಮಾಸ್ತ) ಪುಸ್ತಕದಲ್ಲಿ ಬರೆಯುವುದು. ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ನಾಲ್ಕನೇ ತರಗತಿಯಲ್ಲಿ ನನಗೆ ಗುಣಾಕಾರ ಬಂದ ಮೇಲೆ ನಾನು ಪಕ್ಕದಲ್ಲಿ ನಿಂತು ಮುಳ್ಳು ನೋಡಿ, ಕೆ.ಜಿ.ಗೆ ಇಷ್ಟು ಅಂದರೆ ಇವತ್ತಿನದ್ದು ಇಷ್ಟು ಅಂತ ಅಮ್ಮನಿಗೆ ಹೇಳುತ್ತಿದ್ದೆ. ಮನೆಯಲ್ಲಿ ಹಳೇ ನೋಟ್‌ಬುಕ್ಕಿನ ಹಿಂದೆ ಬರೆದಿಡುತ್ತಿದ್ದೆ. ವಾರದ ಕೊನೆಗೆ ಬಟವಾಡೆ ದಿನ ಅಮ್ಮ ಆ ಪುಸ್ತಕ ಸೆರಗಿನಲ್ಲಿ ಸುತ್ತಿಕೊಂಡು ಹೋಗುತ್ತಿದ್ದಳು. ಆಮೇಲೆ ಪಕ್ಕದ ಮನೆಯವರೂ ತಮ್ಮ ಲೆಕ್ಕ ಬರೆಸಲು ಬರತೊಡಗಿದರು. ಮಗ್ಗಿ ಯಾಕೆ ಕಲಿಯಬೇಕು ಅಂತ ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಇದು ನಮ್ಮ ಟೀಚರಿಗೆ ಗೊತ್ತೇ ಇರಲಿಲ್ಲ. ಗೊತ್ತಾಗಿದ್ದರೆ ನನ್ನ ಬಗ್ಗೆ ಹೆಮ್ಮೆ ಪಡುತ್ತಿದ್ದರು ಅಂತ ಈಗ ಅನ್ನಿಸುತ್ತದೆ.

---

ಹೂಮಳೆ

ಅಕ್ಕ, ಬೇಜಾರು ಯಾಕೆ? ನೀವು ಬರೆದಿದ್ದನ್ನು ಅಮ್ಮನಿಗೂ ಓದಿ ಹೇಳಿದೆ. ನನ್ನ ತರಗತಿಯಲ್ಲೂ ಲೈನ್ ಮನೆಯಿಂದ ಬರುವವರು ಇದ್ದಾರೆ. "ಅಜ್ಜನ ಡೈರಿ ತನ್ನಿ" ಅಂತ ಮೇಷ್ಟ್ರು ಹೇಳಿದರೆ ಅವರು ಏನು ತರಬೇಕು ಅನ್ನುವುದು ನಿಮ್ಮ ಮಾತು ಓದಿದ ಮೇಲೆ ಹೊಳೆಯಿತು. ಮನೆಯಲ್ಲಿ ಡೈರಿ, ತೋಟ, ಬಿಡುವು ಇದ್ದವರಿಗೆ ಮಾತ್ರ ಹೊರಗಿನ ಕಲಿಕೆ ಅಂತ ಆಗಬಾರದು. ಅಳೆಯುವ ಸಾಮಾನು ಶಾಲೆಯಲ್ಲೇ ಇರಬೇಕು, ಎಲ್ಲರ ಕೈಗೂ ಸಿಗಬೇಕು. ನಿಮ್ಮ ತಕ್ಕಡಿ ಲೆಕ್ಕಕ್ಕೂ ನಮ್ಮ ಅಜ್ಜನ ಮಳೆ ಲೆಕ್ಕಕ್ಕೂ ತರಗತಿಯಲ್ಲಿ ಒಂದೇ ಗೌರವ ಸಿಗಬೇಕು.

---

ಮಕ್ಕಂದೂರು

ಗುಡ್ಡದ ಬಗ್ಗೆ ಬರೆದಿದ್ದು ಓದಿದೆ. 2018ರಲ್ಲಿ ನಮ್ಮ ಮನೆ ಹೋಯಿತು. ಜನ ಎಲ್ಲ ಉಳಿದೆವು. ಪರಿಹಾರ ಕೇಂದ್ರದಲ್ಲಿ ಇದ್ದಾಗ ಮಕ್ಕಳು "ಯಾಕೆ ಹೀಗಾಯಿತು" ಅಂತ ಕೇಳುತ್ತಿದ್ದರು, ನಮಗೆ ಹೇಳಲು ಬರುತ್ತಿರಲಿಲ್ಲ. ನೀನು ನಾಲ್ಕು ಸಾಲಿನಲ್ಲಿ ಹೇಳಿದ್ದನ್ನು ಇಲ್ಲಿನ ಪ್ರತಿ ಶಾಲೆಯಲ್ಲಿ ಮಕ್ಕಳಿಗೆ ಹೇಳಬೇಕು. ಹೊಸ ಒರತೆ, ನೆಲದ ಬಿರುಕು, ಓರೆಯಾದ ಮರ ಅಥವಾ ಕಂಬ, ತೊರೆಯಲ್ಲಿ ಇದ್ದಕ್ಕಿದ್ದ ಹಾಗೆ ಕೆಂಪು ನೀರು: ಇವನ್ನು ಕಂಡರೆ ಕಾಯಬಾರದು, ಸಾಮಾನು ತೆಗೆಯಲು ನಿಲ್ಲಬಾರದು, ಹೊರಡಬೇಕು.

---

ಬೈಂಬಳೆ ಅಕ್ಕ (ವಿರಾಜಪೇಟೆ)

ನಮ್ಮ ಅಡುಗೆ ಮನೆಯ ಮಾತೂ ಸೇರಿಸುತ್ತೇನೆ. ಮಳೆಗಾಲದ ಕಕ್ಕಡ ತಿಂಗಳಲ್ಲಿ ಬೈಂಬಳೆ (ಕಳಲೆ ಪಲ್ಯ) ಮಾಡುವಾಗ ಎಳೇ ಬಿದಿರನ್ನು ತೆಳ್ಳಗೆ ಹೆಚ್ಚಿ ನೀರಿನಲ್ಲಿ ನೆನೆಸಿ, ನೀರು ಬದಲಿಸಿ ಬದಲಿಸಿ, ಚೆನ್ನಾಗಿ ಬೇಯಿಸಿದ ಮೇಲೆಯೇ ಪಲ್ಯಕ್ಕೆ ಹಾಕುವುದು. ಯಾಕಮ್ಮ ಅಂದರೆ "ಹಾಗೇ ಮಾಡುವುದು" ಅನ್ನುತ್ತಿದ್ದರು. ನನ್ನ ಮಗ ರಸಾಯನಶಾಸ್ತ್ರ ಓದುವಾಗ ಹೇಳಿದ: ಹಸಿ ಕಳಲೆಯಲ್ಲಿ ಸೈನೈಡ್ ಬಿಡುಗಡೆ ಮಾಡುವ ಒಂದು ಪದಾರ್ಥ ಇದೆ, ಹೆಚ್ಚಿ ನೆನೆಸಿ ಬೇಯಿಸಿದಾಗ ಅದು ಹೋಗುತ್ತದೆ ಅಂತ. ಅವತ್ತಿನಿಂದ ಸೊಸೆಗೆ ಹೇಳಿಕೊಡುವಾಗ ಕಾರಣವನ್ನೂ ಹೇಳುತ್ತೇನೆ. ಕಾರಣ ಗೊತ್ತಿದ್ದರೆ ಅವಸರದಲ್ಲಿ ಯಾರೂ ಒಂದು ನೀರು ಕಡಿಮೆ ಮಾಡುವುದಿಲ್ಲ ನೋಡಿ.

---

ವಿಜ್ಞಾನ ಶಿಕ್ಷಕ (ಸರ್ಕಾರಿ ಪ್ರೌಢಶಾಲೆ)

ಮೇಷ್ಟ್ರುಗಳ ಕಷ್ಟ ಏನು ಅಂತ ಕೇಳಿದ್ದೀಯಲ್ಲ, ಹೇಳುತ್ತೇನೆ.

ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ರಜೆ. ಅದನ್ನು ಸರಿದೂಗಿಸಲು ಶನಿವಾರ ಮಧ್ಯಾಹ್ನವೂ ತರಗತಿ. ಪಾಠ ಮುಗಿಯಿತೇ ಅನ್ನುವುದೇ ಎಲ್ಲರ ಪ್ರಶ್ನೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಕಡಿಮೆಯಾದರೆ ಉತ್ತರ ಹೇಳಬೇಕಾದವರು ನಾವು. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗೋಣ ಅಂದರೆ ನಮ್ಮ ಶಾಲೆ ಇರುವುದು ಆನೆ ಓಡಾಡುವ ದಾರಿಯಲ್ಲಿ. ಬೆಳಗ್ಗೆ ಮಕ್ಕಳು ಶಾಲೆಗೆ ಬಂದು ತಲುಪುವುದೇ ದೊಡ್ಡ ವಿಷಯ ಆಗಿರುವ ದಿನಗಳಿವೆ. ಹತ್ತಿರದ ದೇವರಕಾಡಿಗೆ ಕರೆದುಕೊಂಡು ಹೋಗಬೇಕು ಅಂತ ತುಂಬಾ ಆಸೆ ಇತ್ತು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಒಂದೊಂದೂ ಒಂದು ಪ್ರಯೋಗಾಲಯ. ಆನೆ ಇದೆ ಅನ್ನುವ ಸುದ್ದಿ ಬಂದು ಕೈಬಿಟ್ಟೆ.

ಹಾಗಂತ ಏನೂ ಮಾಡಲಾಗುವುದಿಲ್ಲ ಅಂತಲ್ಲ. ನಿನ್ನ ಬರಹ ಓದಿ, ಶಾಲೆಯ ಕಾಂಪೌಂಡಿನ ಒಳಗೇ ಮಳೆ ಅಳೆಯುವುದು ಅಂತ ತೀರ್ಮಾನ ಮಾಡಿದ್ದೇನೆ. ಪ್ಲಾಸ್ಟಿಕ್ ಬಾಟಲಿಯಲ್ಲಿ ಮಳೆಮಾಪಕ ಮಾಡಿಸಬೇಕು ಅಂತಿದ್ದೇನೆ. ಯಾರಾದರೂ ಮಾಡಿದ್ದೀರಾ? ಬಾಟಲಿಯ ತಳ ಉಬ್ಬು ತಗ್ಗು ಇರುತ್ತದಲ್ಲ, ಅಳತೆ ಎಲ್ಲಿಂದ ಶುರು ಮಾಡುವುದು?

---

ಹಳೇ ಮೇಷ್ಟ್ರು

ಸರ್, ಸುಲಭ. ಮೈ ನೇರವಾಗಿರುವ ಬಾಟಲಿ ತೆಗೆದುಕೊಳ್ಳಿ, ನಡುವೆ ಸೊಂಟ ಇರುವುದು ಬೇಡ. ಮೇಲಿನ ಶಂಕುವಿನ ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯ ಹಾಗೆ ಕೂರಿಸಿ. ತಳಕ್ಕೆ ಒಂದಿಷ್ಟು ಸಣ್ಣ ಕಲ್ಲು ಹಾಕಿ, ಗಾಳಿಗೆ ಉರುಳುವುದಿಲ್ಲ. ಕಲ್ಲು ಮುಚ್ಚುವಷ್ಟು ನೀರು ಹಾಕಿ, ಆ ನೀರಿನ ಮಟ್ಟಕ್ಕೆ ಗೆರೆ ಎಳೆಯಿರಿ. ಅದೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಸ್ಕೇಲಿನ ಮಿಲಿಮೀಟರ್ ಗುರುತು ಹಾಕಿದರೆ ಮುಗಿಯಿತು. ಬಾಯಿಯ ಅಗಲ, ಮೈಯ ಅಗಲ ಒಂದೇ ಇದ್ದರೆ ಬೇರೆ ಲೆಕ್ಕ ಬೇಡ. ಪ್ರತಿ ಸಲ ನೋಡಿದ ಮೇಲೆ ನೀರನ್ನು ಮತ್ತೆ ಸೊನ್ನೆಗೆ ತರಬೇಕು. ಜೋರು ಮಳೆ ಇದ್ದರೆ ತುಂಬಿ ಹರಿಯುವ ಮೊದಲೇ ಒಮ್ಮೆ ನೋಡಿ ಬರೆದುಕೊಳ್ಳಿ.

ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಇದನ್ನು ಮಕ್ಕಳಿಂದಲೇ ಲೆಕ್ಕ ಮಾಡಿಸಿ. ಆಮೇಲೆ ಶಾಲೆಯ ಚಾವಣಿ ಅಳೆದು, ಒಂದು ದಿನ ಅದರ ಮೇಲೆ ಎಷ್ಟು ನೀರು ಬಿತ್ತು ಅಂತ ಕೇಳಿ. ಅವರ ಮುಖ ನೋಡಬೇಕು ಆಗ!

---

ಲೈನ್‌ಮನೆಯವಳು

ಸರ್, ನನ್ನದೊಂದು ಕೋರಿಕೆ. ತೋಟದ ಕಚೇರಿಗಳಲ್ಲಿ ಮಳೆಮಾಪಕ ಇರುತ್ತದೆ, ದಿನಾ ಬರೆಯುತ್ತಾರೆ. ನಾನು ಅಲ್ಲೇ ಬೆಳೆದರೂ ಅದನ್ನು ಒಂದು ದಿನವೂ ಹತ್ತಿರದಿಂದ ನೋಡಿರಲಿಲ್ಲ, ನಮ್ಮನ್ನು ಆ ಕಡೆ ಬಿಡುತ್ತಿರಲಿಲ್ಲ. ನಿಮ್ಮ ಶಾಲೆಯಲ್ಲಿ ಲೈನ್ ಮಕ್ಕಳಿದ್ದರೆ ಓದುವ ಪಾಳಿಯಲ್ಲಿ ಅವರ ಹೆಸರೂ ಇರಲಿ. ಕೊಯ್ಲಿನ ಸಮಯದಲ್ಲಿ ಬಿಟ್ಟುಹೋದರೆ ಮತ್ತೆ ಸೇರಿಸಿಕೊಳ್ಳಿ.

---

ವಿಜ್ಞಾನ ಶಿಕ್ಷಕ

ಖಂಡಿತ ಅಮ್ಮ. ಪಾಳಿ ಪಟ್ಟಿಯಲ್ಲಿ ಎಲ್ಲರ ಹೆಸರೂ ಇರುತ್ತದೆ. ಪಕ್ಕದ ತೋಟದ ರೈಟರ್ ನಮ್ಮ ಹಳೇ ವಿದ್ಯಾರ್ಥಿ. ತಿಂಗಳಿಗೊಮ್ಮೆ ಅವರ ಅಳತೆ, ನಮ್ಮ ಅಳತೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಮಕ್ಕಳನ್ನು ಕಚೇರಿಗೆ ಬಿಡಬಹುದಾ ಅಂತ ಅವರನ್ನು ಕೇಳುತ್ತೇನೆ. ತಕ್ಕಡಿ ಶಾಲೆಯಲ್ಲಿ ಇದೆ, ಪೆಟ್ಟಿಗೆಯಿಂದ ಹೊರಗೆ ತೆಗೆಯುತ್ತೇನೆ. ಸಿದ್ದಾಪುರದವರು ಒಂದು ಸೇರು ಒಣ ಚೆರಿ ಕೊಟ್ಟರೆ ಒಟಿ ಲೆಕ್ಕವನ್ನೂ ಮಾಡಿಸುತ್ತೇನೆ.

---

ಕಾಳುಮೆಣಸು

ಒಂದು ಸೇರು ಯಾಕೆ ಸರ್, ಬೇಕಾದಷ್ಟು ಕಳಿಸುತ್ತೇನೆ. ಚೆನ್ನಾಗಿ ಒಣಗಿದ್ದು ಸ್ವಲ್ಪ, ಅರೆ ಒಣಗಿದ್ದು ಸ್ವಲ್ಪ ಬೇರೆ ಬೇರೆ ಕಟ್ಟಿ ಕೊಡುತ್ತೇನೆ. ಎರಡರ ತೂಕ ಮಕ್ಕಳೇ ಹೋಲಿಸಿ ನೋಡಲಿ.

---

ಹೂಮಳೆ

ಸರ್, ಅಜ್ಜನನ್ನು ಕೇಳಿ ಬರೆಯುತ್ತಿದ್ದೇನೆ. ಬಾಟಲಿಯನ್ನು ಮರದ ಕೆಳಗೆ, ಸೂರಿನ ಹತ್ತಿರ ಇಡಬಾರದಂತೆ. ಮರ ಎಷ್ಟು ಎತ್ತರ ಇದೆಯೋ ಅದರ ಎರಡರಷ್ಟಾದರೂ ದೂರ, ಬಯಲಲ್ಲಿ ಇಡಬೇಕು. ಹವಾಮಾನ ಇಲಾಖೆಯವರು ಬೆಳಗ್ಗೆ 8:30ಕ್ಕೆ ನೋಡುವುದರಿಂದ ನೀವೂ ದಿನಾ ಅದೇ ಹೊತ್ತಿಗೆ ನೋಡಿದರೆ ಹೋಲಿಸಲು ಸುಲಭ. ಭಾನುವಾರ ಶಾಲೆ ಇಲ್ಲದಿದ್ದರೆ ಸೋಮವಾರ ನೋಡಿದ್ದನ್ನು "ಎರಡು ದಿನದ್ದು" ಅಂತ ಬರೆಯಿರಿ, ಅರ್ಧ ಅರ್ಧ ಮಾಡಿ ಹಂಚಬೇಡಿ ಅಂತಲೂ ಹೇಳಿದರು.

ಕುಶಾಲನಗರದವರೂ ಒಂದು ಬಾಟಲಿ ಇಟ್ಟರೆ ನಮ್ಮ ನಾಪೋಕ್ಲು ಲೆಕ್ಕದ ಜೊತೆ ಒಂದೇ ಗ್ರಾಫಿನಲ್ಲಿ ಹಾಕುತ್ತೇನೆ. ಜೂನ್ ಒಂದರಿಂದ ಶುರು ಮಾಡೋಣವಾ?

---

ಕುಶಾಲನಗರ ಬಸ್

ಮಾಡೋಣ. ನಮ್ಮ ಮನೆಗೆ ತಾರಸಿ ಇದೆ, ಹತ್ತಿರದಲ್ಲಿ ಮರ ಇಲ್ಲ. ನನ್ನ ಬಸ್ಸು ಎಂಟಕ್ಕೇ ಹೊರಡುತ್ತದೆ, 8:30ಕ್ಕೆ ತಮ್ಮ ನೋಡಿ ಬರೆಯುತ್ತಾನೆ. ಅವನು ಆರನೇ ತರಗತಿ, ಈಗಲೇ ಬಾಟಲಿ ಹುಡುಕಲು ಹೋಗಿದ್ದಾನೆ.